ಹೆಗಲಿಗೆ ಒರೆಸಿಕೊಳ್ಳುವ ಮಕ್ಕಳು

ಮಕ್ಕಳನ್ನು ಅಳಿಸುವುದು ನನ್ನ ವೃತ್ತಿ. ಮರ್ಯಾದೆಯಾಗಿ ಹೇಳಬೇಕೆಂದರೆ, ನಾನು ಡಾಕ್ಟರ್ ಪುಷ್ಪಲತಾ, ಹಾವೇರಿಯ ಕಾಲೇಜೊಂದರಲ್ಲಿ ಮಕ್ಕಳ ಮನಶ್ಶಾಸ್ತ್ರ ಕಲಿಸುವ ಸಹ ಪ್ರಾಧ್ಯಾಪಕಿ. ಆ ‘ಸಹ’ ಹನ್ನೊಂದು ವರ್ಷದಿಂದ ಬೆನ್ನು ಬಿಟ್ಟಿಲ್ಲ. ಅದನ್ನು ಕಳಚಲು ಒಂದು ದೊಡ್ಡ ಪ್ರಬಂಧ ಬೇಕಿತ್ತು.

ಅದೂ ಆಯಿತು. ಬ್ಯಾಡಗಿಯ ಅಂಗನವಾಡಿಗಳಲ್ಲಿ ನೂರಾ ಹನ್ನೆರಡು ಮಕ್ಕಳ ಮುಂದೆ ಕೀಲಿ ಕೊಟ್ಟರೆ ಕುಣಿಯುವ ಮಂಗನ ಗೊಂಬೆಯನ್ನು ಆಡಿಸಿ, ಆಮೇಲೆ ಎರಡು ನಿಮಿಷ ಪೆಟ್ಟಿಗೆಯಲ್ಲಿ ಮುಚ್ಚಿಟ್ಟೆ. ಮಕ್ಕಳು ಅತ್ತವು. ರಾಣೆಬೆನ್ನೂರಿನಲ್ಲೂ ಹೀಗೇ ಅಳಿಸಿದ್ದೆ. ಅಲ್ಲಿಯವು ಎರಡೂ ಮುಷ್ಟಿಯಿಂದ ಕಣ್ಣು ಉಜ್ಜಿಕೊಂಡಿದ್ದವು. ಬ್ಯಾಡಗಿಯವು ಉಜ್ಜಿಕೊಳ್ಳಲಿಲ್ಲ. ಕೈಗಳನ್ನು ಮೈಯಿಂದ ದೂರ ಹಿಡಿದು, ಕಣ್ಣು ಮೂಗು ಎಲ್ಲವನ್ನೂ ಹೆಗಲಿಗೆ ಒರೆಸಿಕೊಂಡವು. ಇವು ತಮ್ಮನ್ನು ತಾವು ಸಮಾಧಾನ ಮಾಡಿಕೊಳ್ಳಲು ಹೆದರುವ ಮಕ್ಕಳು, ಇವುಗಳ ತಾಯಂದಿರ ಆರೈಕೆ ಸಾಲದು ಎಂದು ಮೂವತ್ತು ಪುಟ ಬರೆದೆ. ಹೊರದೇಶದ ಪತ್ರಿಕೆಯೊಂದು ಮೆಚ್ಚಿ ಒಪ್ಪಿಕೊಂಡಿತು. ಮುಂದಿನ ತಿಂಗಳು ಅಚ್ಚು, ಅದರ ಮರುವಾರ ಪ್ರಾಧ್ಯಾಪಕ ಹುದ್ದೆಯ ಸಂದರ್ಶನ.

ಅಷ್ಟರಲ್ಲಿ ಒಂದು ಒಪ್ಪಿಗೆ ಪತ್ರದ ಹೆಬ್ಬೆಟ್ಟು ಮಸುಕಾಗಿದೆ, ಇನ್ನೊಮ್ಮೆ ಕಳಿಸಿ ಎಂದು ಪತ್ರಿಕೆಯವರು ಬರೆದರು. ಬ್ಯಾಡಗಿಗೆ ಹೋದೆ. ಹೆಬ್ಬೆಟ್ಟಿನ ಒಡತಿ ದುರಗವ್ವ ತನ್ನ ಅಂಗಳದಲ್ಲಿ ನಾಲ್ಕೈದು ಹೆಂಗಸರ ಜೊತೆ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಪಕ್ಕದಲ್ಲಿ ಅವಳ ಐದು ವರ್ಷದ ಮಗಳು ಐಶ್ವರ್ಯ, ನನ್ನ ಪ್ರಬಂಧದ ನಲವತ್ತೊಂದನೆಯ ಮಗು.

“ಬರ್ರಿ ಮೇಡಂ, ಕುಂದ್ರಿ. ಇದಷ್ಟು ಮುಗಿಸಿ ಹೆಬ್ಬಟ್ಟು ಒತ್ತತೇನಿ.”

ಸುಮ್ಮನೆ ಕೂರಲು ನಾಚಿಕೆಯಾಗಿ ನಾನೂ ಹತ್ತಿಪ್ಪತ್ತು ಕಾಯಿ ಬಿಡಿಸಿದೆ. ನಾನು ರಾಣೆಬೆನ್ನೂರಿನ ಬಟ್ಟೆ ಅಂಗಡಿಯವರ ಮಗಳು. ನಮ್ಮ ಮನೆಗೆ ಮೆಣಸಿನಕಾಯಿ ಬರುತ್ತಿದ್ದದ್ದು ಪುಡಿಯಾಗಿ, ಡಬ್ಬಿಯಲ್ಲಿ. ಬೆವರು ಕಣ್ಣಿಗಿಳಿಯಿತು. ಒರೆಸಿಕೊಳ್ಳಲು ಕೈ ಎತ್ತಿದೆ.

ನಲವತ್ತೊಂದನೆಯ ಮಗು ಹಾರಿ ಬಂದು ನನ್ನ ಮಣಿಕಟ್ಟು ಹಿಡಿಯಿತು.

“ಕಣ್ಣಿಗೆ ಕೈ ಹಚ್ಚಬ್ಯಾಡ್ರಿ! ಹೆಗಲಿಗೆ ಒರಸ್ಕೋರಿ.”

ಹೆಂಗಸರು ನಕ್ಕರು. ನನಗೆ ನಗು ಬರಲಿಲ್ಲ.

“ಇದನ್ನ ಯಾರು ಕಲಿಸಿದ್ರು?” ಎಂದು ಕೇಳಿದೆ.

“ಯಾರು ಕಲಿಸ್ತಾರ್ರಿ, ನಾವ ಕಲಿಸೇವಿ,” ಎಂದಳು ದುರಗವ್ವ. “ಕೂಸು ನಡ್ಯಾಕ ಕಲಿಯೂಕಿಂತ ಮೊದ್ಲ ಇದನ್ನ ಕಲಿತೈತಿ. ಅತ್ರ ನಾವು ಒರಸಾಕ ಬರೂದಿಲ್ರಿ, ನಮ್ಮ ಕೈನೂ ಖಾರ. ಅದಕ್ಕ ಹೆಗಲು ಕೊಡ್ತೇವಿ, ಬಂದು ಒರಸ್ಕೊಂತಾವು. ಯಾಕ್ರಿ, ನಿಮಗ ಗೊತ್ತಿರಲಿಲ್ಲೇನು?”

ಓದಿ ಓದಿ ಮರುಳಾದ ಕೂಚುಭಟ್ಟ ಎನ್ನುತ್ತಾರೆ. ಕೂಚುಭಟ್ಟ ಪಿಎಚ್.ಡಿ. ಮಾಡಿರಲಿಲ್ಲ, ಅಷ್ಟೇ ವ್ಯತ್ಯಾಸ. ಹೆಬ್ಬೆಟ್ಟು ಒತ್ತಿಸಿಕೊಳ್ಳದೆ ಬಸ್ಸು ಹತ್ತಿದೆ.

ನಮ್ಮ ವಿಭಾಗದ ಮುಖ್ಯಸ್ಥರು ವೀರೇಂದ್ರ ಸರ್. ಒಳ್ಳೆಯವರು. ಎಲ್ಲ ಕೇಳಿ, ಬಾಗಿಲು ಮುಂದೆ ಮಾಡಿ ಹೇಳಿದರು: “ಆ ದೇಶದವರಿಗೆ ತೊಟ್ಟು ಬಿಡಸೂದು ಏನ್ ಗೊತ್ತೈತ್ರಿ ಮೇಡಂ? ಮೊದ್ಲು ಅಚ್ಚಾಗಲಿ, ಪ್ರೊಫೆಸರ್ ಆಗ್ರಿ. ತಿದ್ದೂದು ಆಮ್ಯಾಲೆ ನೋಡಿದ್ರಾತು.”

ಎರಡು ದಿನ ಅವರ ಮಾತು ಬಹಳ ಸರಿ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ, ನನಗೆ ಆ ಹುದ್ದೆ ತುಂಬಾ ಬೇಕಾಗಿತ್ತು. ಆದರೆ ‘ತಾಯಂದಿರ ಆರೈಕೆ ಸಾಲದು’ ಎಂಬ ಸಾಲು ಕಣ್ಣಿಗೆ ಬಿದ್ದಾಗಲೆಲ್ಲ ಮಣಿಕಟ್ಟಿನ ಮೇಲೆ ಆ ಪುಟ್ಟ ಬೆರಳುಗಳು ನೆನಪಾಗುತ್ತಿದ್ದವು. ಮೂರನೆಯ ದಿನ ಪ್ರಬಂಧ ಹಿಂತೆಗೆದುಕೊಳ್ಳುತ್ತೇನೆಂದು ಪತ್ರಿಕೆಗೆ ಮೂರು ಸಾಲು ಬರೆದು ಕಳಿಸಿದೆ.

ಸಂದರ್ಶನಕ್ಕೆ ಹೋದೆ. ಕರೆ ಬಂದಿತ್ತಲ್ಲ.

“ನಿಮ್ಮ ಮುಖ್ಯ ಸಂಶೋಧನೆ ಏನು?” ಎಂದು ಸಮಿತಿಯ ಹಿರಿಯರು ಕೇಳಿದರು.

“ಬ್ಯಾಡಗಿಯ ಮಕ್ಕಳಿಗೆ ಏನೂ ಆಗಿಲ್ಲ ಸರ್. ತಾಯಂದಿರು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ.”

“ಇದು ಎಲ್ಲಿ ಪ್ರಕಟವಾಗಿದೆ?”

“ಎಲ್ಲೂ ಇಲ್ಲ ಸರ್.”

ಅವರು ಕಾಗದದ ಮೇಲೆ ಏನೋ ಗೆರೆ ಎಳೆದು, ಹೊರಡಬಹುದು ಎಂದರು. ಚಹಾ ಕೊಟ್ಟರು, ಕುಡಿದೆ. ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತು ಚೆನ್ನಾಗಿ ಅತ್ತೆ. ಚೀಲದಲ್ಲಿ ಇಸ್ತ್ರಿ ಮಾಡಿದ ಕರವಸ್ತ್ರ ಇತ್ತು, ಕೈಯೂ ಸ್ವಚ್ಛವಾಗಿತ್ತು. ಆದರೂ ಹೆಗಲಿಗೇ ಒರೆಸಿಕೊಂಡೆ.