ಹೆಂಡತಿಯ ಸಂಬಳ

ತೆರಿಗೆ ಎಂದರೆ ನನಗೆ ಮೂಗಿನ ತುದಿಯಲ್ಲೇ ಕೋಪ. ಹರಿದ ಪುಸ್ತಕಗಳಿಗೆ ರಟ್ಟು ಕಟ್ಟಿ ಬದುಕುವವನು ನಾನು. ನನ್ನಂಥವನನ್ನೂ ಬಿಡರಲ್ಲ ಎಂದು ಗೊಣಗಿದರೆ ತೆರಿಗೆ ಸಲಹೆಗಾರರು ನಗಲೂ ಇಲ್ಲ.

"ಹೊಸ ಲೆಕ್ಕದ ವರ್ಷ ಇನ್ನು ಹತ್ತು ದಿನಕ್ಕೆ ಶುರು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡೋಕೆ ಹೋಗ್ಬೇಡಿ. ನಿಮ್ಮನೆಯವರೂ ಅಂಗಡೀಲಿ ದುಡೀತಾರಲ್ಲ, ಅವರಿಗೆ ಸಂಬಳ ಕೊಡಿ. ಅದು ಅಂಗಡಿ ಖರ್ಚಾಗುತ್ತೆ, ನಿಮ್ಮ ತೆರಿಗೆ ಇಳಿಯುತ್ತೆ. ಆದ್ರೆ ದುಡ್ಡು ನಿಜವಾಗ್ಲೂ ಅವರ ಖಾತೆಗೆ ಹೋಗ್ಬೇಕು. ಏನೇನು ಕೆಲಸ ಅಂತ ಬರೆದು, ಅವರ ಸಹಿ ಹಾಕಿಸಿ ತನ್ನಿ."

ಮನೆಯ ದುಡ್ಡು ಮನೆಯಲ್ಲೇ, ಇದಕ್ಕಿಂತ ಸುಲಭ ಇನ್ನೇನಿದೆ? ಸಂಜೆಯೇ ಹಾಳೆಯ ಮೇಲೆ 'ಅಂಗಡಿಯಲ್ಲಿ ಸಣ್ಣಪುಟ್ಟ ಸಹಾಯ' ಎಂದು ಬರೆದು ಹೆಂಡತಿಯ ಮುಂದಿಟ್ಟೆ. ಪುಟ ಹೊಲಿಯುತ್ತಿದ್ದವಳು ದಬ್ಬಣ ಕೈಯಲ್ಲಿ ಹಿಡಿದೇ ಓದಿದಳು.

"ಸಹಿ ಹಾಕಲ್ಲ ರೀ."

"ಯಾಕೆ?"

"ಸಣ್ಣಪುಟ್ಟ ಸಹಾಯ ಮಾಡೋರು ಯಾರಿದ್ದಾರೋ, ಅವರ ಹತ್ರ ಹಾಕಿಸ್ಕೊಳ್ಳಿ."

ಸಿಟ್ಟು ನೆತ್ತಿಗೇರಿತು. ಅವಳ ಸಹಿಯಿಲ್ಲದೆ ಬರುವ ವರ್ಷವೂ ಅಷ್ಟೂ ತೆರಿಗೆ ನನ್ನ ತಲೆಗೇ. ಮರುದಿನ ಇಬ್ಬರಿಗೂ ಮಾತಿಲ್ಲ. ಬಾಯಿಗೆ ಕೆಲಸವಿಲ್ಲದಾಗ ಕಣ್ಣು ಕೆಲಸ ಮಾಡುತ್ತದೆ. ಸಂಜೆಯೊಳಗೆ ಅವಳು ಹನ್ನೊಂದು ಪುಸ್ತಕ ಹೊಲಿದಳು, ಅಂಟು ಕಾಯಿಸಿದಳು, ಫೋನಿನಲ್ಲಿ ಶಾಲೆಯವರ ಜೊತೆ ದರ ಮಾತಾಡಿದಳು. ನಾನು ಸೊಟ್ಟಗೆ ಕೂರಿಸಿದ್ದ ಒಂದು ರಟ್ಟನ್ನು ಅಂಟು ಒಣಗುವ ಮುಂಚೆ ಸದ್ದಿಲ್ಲದೆ ಸರಿಮಾಡಿದಳು. ಅದನ್ನು ನಾನು ಹಿಂದೆಂದೂ ಗಮನಿಸಿರಲಿಲ್ಲ.

ಪಕ್ಕದ ಅಂಗಡಿಯ ರಟ್ಟಿನ ಡಬ್ಬಿ ಮಾಡುವವನ ಬಳಿ ಹೋಗಿ, ಇಷ್ಟೆಲ್ಲ ಮಾಡುವವರಿಗೆ ಏನು ಕೊಡಬಹುದು ಎಂದು ಕೇಳಿದೆ.

"ಅಂಥವರು ಸಿಕ್ಕಿದ್ರೆ ಮೊದಲು ನನಗೆ ಹೇಳು ಮಾರಾಯ," ಎಂದು ನಕ್ಕು ಒಂದು ಮೊತ್ತ ಹೇಳಿದ. ನಾನು ಅಂದುಕೊಂಡದ್ದರ ಮೂರರಷ್ಟಿತ್ತು. ನನಗೆ ನಾಚಿಕೆಯಾಯಿತು.

ಎರಡನೇ ಹಾಳೆಯಲ್ಲಿ ಒಂದನ್ನೂ ಬಿಡದೆ ಬರೆದೆ, ಸೊಟ್ಟ ರಟ್ಟನ್ನೂ ಸೇರಿಸಿದೆ. ಅವನು ಹೇಳಿದ ಮೊತ್ತವನ್ನೇ ಹಾಕಿದೆ. ಕೊನೆಯಲ್ಲಿ, ಕೆಲಸಕ್ಕೆ ಸೇರಿದ ದಿನ, ಬರುವ ಒಂದನೇ ತಾರೀಖು.

ಅವಳು ಎರಡು ಸಲ ಓದಿದಳು. ಪೆನ್ನು ತೆಗೆದುಕೊಂಡು ಆ ತಾರೀಖು ಹೊಡೆದು ಹಾಕಿ ಬೇರೊಂದು ಬರೆದಳು. ಆಮೇಲೆ ಸಹಿ ಹಾಕಿ ಮತ್ತೆ ಹೊಲಿಯಲು ಕುಳಿತಳು.

ಮರುದಿನ ಹಾಳೆ ಓದುತ್ತಿದ್ದ ಸಲಹೆಗಾರರ ಬೆರಳು ಆ ತಾರೀಖಿನ ಮೇಲೇ ನಿಂತಿತು. "ಇದು ಹತ್ತೊಂಬತ್ತು ವರ್ಷದ ಹಿಂದಿನದು. ಹಿಂದಿನದಕ್ಕೆಲ್ಲ ತೆರಿಗೇಲಿ ಬಿಡಿಗಾಸೂ ಸಿಗಲ್ಲ."

"ಸಂಬಳ ಈಗಿಂದಲೇ ಅಂತ ಕೆಳಗೆ ಬರ್ಕೊಳ್ಳಿ ಸರ್. ತಾರೀಖು ಮಾತ್ರ ಹಾಗೇ ಇರಲಿ," ಎಂದೆ. "ನಮ್ಮ ಮದುವೆಯಾದ ಎಂಟನೇ ದಿನ ಅದು. ಅವಳು ಕೆಲಸಕ್ಕೆ ಸೇರಿದ್ದು ಆವತ್ತೇ."