ಕನ್ನಡಿಗೆ ಅಂಟಿಸಿದ ಕಾಗದ

ಮಂಚದ ಕೆಳಗೆ ತೋಳುದ್ದ ಕೈ ಹಾಕಿ ತಡಕಿದರೂ ಲಾನ್‌ರೂಗೆ ಸಿಕ್ಕಿದ್ದು ಚಿತ್ರದ ಆರೇ ಸುರುಳಿ. ಏಳು ಇರಬೇಕಿತ್ತು. ಅಪ್ಪ ಚೂ ಪೈಶಾನ್ ತೀರಿಕೊಂಡು ಇವತ್ತಿಗೆ ಮೂರನೆಯ ದಿನ. ಹೆಣ ಸುಡುವುದಕ್ಕೆ ಒಯ್ಯುವ ಮುಂಚೆ ಕಾರ್ಖಾನೆಯ ಕಮ್ಯುನಿಸ್ಟ್ ಪಕ್ಷದ ಕಾರ್ಯದರ್ಶಿ ಫೆಂಗ್ ಶೌಯಿ ಮರ್ಯಾದೆ ಸಲ್ಲಿಸಲು ಬರುವವನಿದ್ದ. ಕಾಣೆಯಾದ ಸುರುಳಿಯೊಳಗಿನ ಚಿತ್ರ ಅವನ ಕಣ್ಣಿಗೆ ಬಿದ್ದರೆ ಅವಳ ಶಾಲೆಯ ಕೆಲಸ ಹೋದಂತೆಯೇ. ಅಪ್ಪನ ಮಿಕ್ಕ ಚಿತ್ರಗಳೂ ಉಳಿಯುವುದಿಲ್ಲ.

ಪಕ್ಕದ ಮನೆಯ ಮಾ ಅತ್ತೆ ಹಿಟ್ಟಿನ ಗಂಜಿಯ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಅತ್ತೆ, ಮಂಚದ ಕೆಳಗಿಂದ ಏನಾದ್ರೂ ತಗೊಂಡ್ರಾ?"

"ಒಂದು ಕಾಗದ ತಗೊಂಡೆ ಕಣೆ. ಸತ್ತ ಮನೇಲಿ ಕನ್ನಡಿ ಮುಚ್ಚದೆ ಹಾಗೇ ಬಿಟ್ಕೊಂಡು ಕೂತಿದ್ದೀಯಲ್ಲ, ನಿನ್ನ ಬುದ್ಧಿಗಿಷ್ಟು! ಅದರ ಬೆನ್ನು ಬೆಳ್ಳಗಿತ್ತು. ಒಳಗಡೆ ಏನೋ ಕೆಂಪಗಿತ್ತು, ಅದನ್ನ ಕನ್ನಡಿ ಕಡೆಗೆ ಮಾಡಿ ಅಂಟಿಸಿದೀನಿ."

ಅದೇ ಏಳನೆಯ ಸುರುಳಿ. ಕನ್ನಡಿ ಇದ್ದದ್ದು ಅಪ್ಪನ ಭಾವಚಿತ್ರದ ಪಕ್ಕದಲ್ಲೇ. ಕಿತ್ತುಬಿಡೋಣವೆಂದು ಲಾನ್‌ರೂ ನಡುಮನೆಗೆ ಓಡಿದರೆ ಫೆಂಗ್ ಆಗಲೇ ಒಳಗೆ ಬಂದು ಟೋಪಿ ತೆಗೆಯುತ್ತಿದ್ದ.

*

ನಲವತ್ತು ವರ್ಷದ ಹಿಂದೆ ಅಪ್ಪ ಕಾರ್ಖಾನೆಗೆ ಪ್ರಚಾರದ ಚಿತ್ರ ಬರೆಯುತ್ತಿದ್ದ. ಹಳ್ಳಿಯಿಂದ ಆಗತಾನೆ ಬಂದಿದ್ದ ಹದಿನೆಂಟರ ಫೆಂಗ್‌ನನ್ನು ಅನ್ನದ ಬಟ್ಟಲನ್ನು ಎದೆಮಟ್ಟಕ್ಕೆ ಹಿಡಿಸಿ ಚಿತ್ರಕ್ಕೆ ಮಾದರಿಯಾಗಿ ನಿಲ್ಲಿಸಿದ್ದರು. ಬಟ್ಟಲ ತುಂಬ ಮರಳು, ಮೇಲೆ ಎರಡು ಚಮಚ ಅನ್ನ. ಎರಡು ದಿನದಿಂದ ಹೊಟ್ಟೆಗಿಲ್ಲದ ಹುಡುಗ ಹೇಳಿದಷ್ಟು ಹೊತ್ತೂ ಹಲ್ಲು ಬಿಟ್ಟ. ಕೆಲಸ ಮುಗಿದ ಮೇಲೆ ಮರಳು ಸಮೇತ ಆ ಅನ್ನ ತಿಂದ. ಪಾಪ, ಅಪ್ಪ ನೋಡುತ್ತ ನಿಂತಿದ್ದ. ಚಿತ್ರ ಊರೂರ ಗೋಡೆ ಸೇರಿತು, ಅಪ್ಪನಿಗೆ ಪ್ರಶಸ್ತಿಪತ್ರ ಸಿಕ್ಕಿತು.

ನಿವೃತ್ತನಾದ ಮೇಲೆ ಅದನ್ನೇ ಮತ್ತೆ ಬರೆದ. ಅದೇ ಕೆಂಪು ಸೂರ್ಯ, ಅದೇ ಕೆಂಪು ಕೆನ್ನೆ, ಅದೇ ನಗು. ಹಲ್ಲುಗಳ ನಡುವೆ ಮಾತ್ರ ಮರಳು.

"ಈಗ ಸರಿ ಹೋಯ್ತು ನೋಡು," ಎಂದು ಮಗಳೊಬ್ಬಳಿಗೇ ತೋರಿಸಿದ್ದ.

*

ಭಾವಚಿತ್ರಕ್ಕೆ ಮೂರು ಸಲ ಬಾಗಿ ನಮಸ್ಕರಿಸುವುದು ಪದ್ಧತಿ. ಫೆಂಗ್ ಮೊದಲ ಸಲ ಬಾಗಿದ. ಗಂಜಿ ಇನ್ನೂ ಹಸಿಯಾಗಿತ್ತು. ಕಾಗದದ ಮೇಲಿನ ಮೂಲೆ ಬಿಟ್ಟುಕೊಂಡಿತು. ಎರಡನೆಯ ಸಲ ಬಾಗಿ ತಲೆ ಎತ್ತುವಷ್ಟರಲ್ಲಿ ಅರ್ಧ ಕಾಗದ ಮುಂದಕ್ಕೆ ಮಡಚಿಬಿದ್ದು, ಹುಡುಗನ ಮುಖ ತಲೆಕೆಳಗಾಗಿ ನೇತಾಡಿತು.

ಫೆಂಗ್ ಮುಖ ಓರೆ ಮಾಡಿ ಆ ಬಾಯನ್ನೇ ನೋಡಿದ. ಹೊರಗೆ ಅವನ ಕಚೇರಿಯ ನಾಲ್ವರು ತಮ್ಮ ಸರದಿಗೆ ಕಾಯುತ್ತಿದ್ದರು.

"ಅಂಟು ಸಾಲ್ದು," ಎಂದ ತಗ್ಗಿದ ದನಿಯಲ್ಲಿ. "ಇಲ್ಲಿ ಕೊಡಿ."

ಮಾ ಅತ್ತೆಯ ಬಟ್ಟಲು ಇಸಿದುಕೊಂಡು, ಬೆರಳಲ್ಲಿ ಗಂಜಿ ಬಳಿದು, ಕಾಗದವನ್ನು ಮೇಲೆತ್ತಿ ಕನ್ನಡಿಗೆ ಒತ್ತಿದ. ಆ ನಾಲ್ವರೂ ಒಳಗೆ ಬಂದರು.

"ಇನ್ನೊಂದು ನಮಸ್ಕಾರ ಬಾಕಿ ಇದೆಯಪ್ಪ," ಎಂದು ಮಾ ಅತ್ತೆ ನೆನಪಿಸಿದಳು.

ಫೆಂಗ್ ತಿರುಗಲಿಲ್ಲ. ಒಂದು ಅಂಗೈ ಬಿಳಿ ಕಾಗದದ ಮೇಲಿತ್ತು. ಇನ್ನೊಂದು ಕೈ, ಯಾರೋ ಹಾಗೇ ಹಿಡಿ ಎಂದು ಹೇಳಿದ್ದರೇನೋ ಎಂಬಂತೆ, ಬಟ್ಟಲನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಿತ್ತು.