ಮಣೆಯ ಮೇಲಿನ ಲಂಡನ್ ಬಂದೂಕ

ಗೋಕಾಕದ ಗುರುಲಿಂಗಪ್ಪನ ಅಜ್ಜ ಎರಡು ಜೋಡುನಳಿಗೆ ಬಂದೂಕ ಬಿಟ್ಟುಹೋಗಿದ್ದ. ಒಂದರ ಮೇಲೆ ಲಂಡನ್ನಿನ ಅಂಗಡಿಯ ಹೆಸರು, ಇನ್ನೊಂದರ ಮೇಲೆ ಮುಂಬೈ ಅಂಗಡಿಯದು. ಪಾಲಾದಾಗ ಲಂಡನ್ನಿನದು ಹಿರಿಯನಾದ ಗುರುಲಿಂಗಪ್ಪನಿಗೆ ಬಂತು, ಮುಂಬೈಯದು ತುಕ್ಕಾನಟ್ಟಿಯ ಹೊಲದ ಜೊತೆ ತಮ್ಮ ಈಶ್ವರನಿಗೆ. ಹಂದಿ ಹೊಡೆಯುವ ಕಾಲ ಎಂದೋ ಮುಗಿದಿತ್ತು. ಈಗ ಆ ಬಂದೂಕಗಳಿಗೆ ಎರಡೇ ಕೆಲಸ. ಚುನಾವಣೆ ಬಂದರೆ ಠಾಣೆಯಲ್ಲಿ ಕೂರುವುದು, ಮಹಾನವಮಿ ಬಂದರೆ ಖಂಡೆಪೂಜೆಯಲ್ಲಿ ಆಯುಧಗಳ ಸಾಲಿನಲ್ಲಿ ಕೂರುವುದು.

ಠಾಣೆಯಲ್ಲಿ ಎರಡೂ ಒಂದೇ ಗೋಡೆಗೆ ಒರಗಿರುತ್ತಿದ್ದವು. ಗುರುಲಿಂಗಪ್ಪನ ಮನೆಯ ಪೂಜೆಯಲ್ಲಿ ಹಾಗಲ್ಲ. ಲಂಡನ್ನಿನದಕ್ಕೆ ಮಣೆ, ಮಣೆಯ ಮೇಲೆ ಮಡಿಬಟ್ಟೆ. ಮುಂಬೈಯದಕ್ಕೆ ನೆಲದ ಮೇಲೆ ಗೋಣಿತಟ್ಟು. ಪಕ್ಕದಲ್ಲಿ ಕುಡಗೋಲು, ಗುದ್ದಲಿ, ಪಂಪು ಬಿಚ್ಚುವ ಪಾನಾ.

ಈಶ್ವರ ಇದನ್ನು ವರ್ಷವರ್ಷವೂ ನುಂಗಿಕೊಂಡಿದ್ದ. ಈ ಸಲ ನುಂಗುವ ಹಾಗಿರಲಿಲ್ಲ. ಮಗಳು ಶೋಭಾಳ ಮದುವೆ ಗೊತ್ತಾಗಿತ್ತು. ಹತ್ತರಗಿಯ ಬೀಗರು ಗುಡ್ಡಪ್ಪ ಮೊದಲ ಸಲ ಪೂಜೆಯ ಊಟಕ್ಕೆ ಬರುವವರಿದ್ದರು. ಹಿಂದಿನ ದಿನವೇ ಬಂದೂಕ ಹಿಡಿದು, ಮಗಳನ್ನೂ ಕರೆದುಕೊಂಡು ಬಂದ ಈಶ್ವರ ಅಣ್ಣನ ಮುಂದೆ ಕುಳಿತ.

“ಅಣ್ಣಾ, ಇದೊಂದ ಸಲ ಎರಡೂ ಬಂದೂಕ ಒಂದ ಮಣಿ ಮ್ಯಾಲ ಇಡೂಣು. ನನ್ನ ಬಂದೂಕ ಗುದ್ದಲಿ ಬಾಜೂ ಕುಂತಿದ್ದ ಬೀಗರು ನೋಡಿದ್ರ ನನ್ನನ್ನೂ ಅಲ್ಲೇ ಕುಂದರಸ್ತಾರ. ಆಮ್ಯಾಲ ನನ್ನ ಮಗಳಿಗೂ ಅಲ್ಲೇ ಜಾಗಾ.”

“ಹುಚ್ಚ ಅದೀ ಏನ? ಲಂಡನ್ ಅಂದ್ರ ಲಂಡನ್. ಕುದರೀನ ಕತ್ತೀನ ಒಂದ ಗ್ವಾದಲಿಗೆ ಕಟ್ಟತಾರೇನ?”

ಈಶ್ವರ ಚಹಾ ಮುಟ್ಟದೆ ಎದ್ದು ಅಂಗಳಕ್ಕೆ ಹೋದ.

ಒಳಗೆ ಗುರುಲಿಂಗಪ್ಪನ ಹೆಂಡತಿ ಗೌರವ್ವ ಕರದಂಟಿನ ಪಾಕ ತಿರುವುತ್ತ ಎಲ್ಲ ಕೇಳಿಸಿಕೊಂಡಳು. ಅವಳ ಕರದಂಟು ಊರಿನ ಮೂರು ಅಂಗಡಿಗೆ ಹೋಗುತ್ತಿತ್ತು. ಮೂವರೂ ತಮ್ಮತಮ್ಮ ಹೆಸರಿನ ಡಬ್ಬಿಗೆ ತುಂಬಿ ಮಾರುತ್ತಿದ್ದರು. ಗಂಡ ಮಾತ್ರ ಅದರಲ್ಲಿ ಒಂದೇ ಅಂಗಡಿಯ ಡಬ್ಬಿ ತಂದು ತಿನ್ನುತ್ತಿದ್ದ. ಉಳಿದವರದು ಬರೀ ಬೆಲ್ಲವಂತೆ. “ಎಲ್ಲಾ ಒಂದ ಬಾಂಡೇದಾಗಿಂದು, ನಿಮ್ಮ ಮನೀದ,” ಎಂದರೆ, “ಇರಬಹುದು, ಆದ್ರ ಡಬ್ಬಿ ಬ್ಯಾರೆ ಅಲ್ಲೇನ,” ಎನ್ನುತ್ತಿದ್ದ. ಇಂಥವನಿಗೆ ಬಾಯಿಮಾತು ಸಾಲದು ಎಂಬುದು ಗೌರವ್ವನಿಗೆ ಸಂಸಾರ ಕಲಿಸಿದ ಪಾಠ.

ಪೂಜೆಯ ಬೆಳಿಗ್ಗೆ ಗಂಡ ಜಳಕಕ್ಕೆ ಹೋದ. ಬಂದೂಕ ಬಿಚ್ಚಿ ಒರೆಸಿ ಎಣ್ಣೆ ಹಚ್ಚುವುದು ಮೊದಲಿನಿಂದಲೂ ಗೌರವ್ವನ ಕೆಲಸವೇ; ಗುರುಲಿಂಗಪ್ಪನ ಧೋತರಕ್ಕೆ ಎಣ್ಣೆ ಆಗಿಬರುತ್ತಿರಲಿಲ್ಲ. ಅವಳು ಶೋಭಾಳನ್ನು ಹಿತ್ತಲಿಗೆ ಕರೆದು ಎರಡನ್ನೂ ಬಿಚ್ಚಿದಳು. ನಳಿಗೆ ಒಂದು ಕಡೆ, ಹಿಡಿ ಒಂದು ಕಡೆ.

“ನಿಮ್ಮಪ್ಪನ ನಳಿಗಿ ತಾ ಇಲ್ಲಿ.”

“ದೊಡ್ಡವ್ವಾ, ನಿನ್ನ ಕೈಯಾಗಿರೂದು ದೊಡ್ಡಪ್ಪನ ಹಿಡಿ!”

“ನನಗೇನ ಕಣ್ಣ ಕಾಣಂಗಿಲ್ಲೇನ? ತಾ.”

ಟಕ್. ಮುಂಬೈ ನಳಿಗೆ ಲಂಡನ್ ಹಿಡಿಯಲ್ಲಿ ಕೂದಲೂ ತೂರದಂತೆ ಕೂತಿತು. ಲಂಡನ್ ನಳಿಗೆಯೂ ಮುಂಬೈ ಹಿಡಿಯಲ್ಲಿ ಹಾಗೆಯೇ ಕೂತಿತು. ಶೋಭಾ ಸೆರಗು ಬಾಯಿಗಿಟ್ಟುಕೊಂಡಳು.

ವಿಭೂತಿ ಹಚ್ಚಿಕೊಂಡು ಬಂದ ಗುರುಲಿಂಗಪ್ಪ ಬಂದೂಕ ಎತ್ತಿದ. ನಳಿಗೆಯ ಮೇಲೆ ಲಂಡನ್, ಹಿಡಿಯ ಲೋಹದ ಪಟ್ಟಿಯ ಮೇಲೆ ಮುಂಬೈ. ಇನ್ನೊಂದನ್ನು ಎತ್ತಿದ. ಅದು ತಿರುಗಾಮುರುಗಾ.

“ಏನಿದು! ಯಾರ ಮಾಡಿದ್ದಿದು?”

“ಅದನ್ನ ಕೇಳ್ರಿ ಮದ್ಲ, ಯಾರ ಮಾಡಿದ್ದು ಅಂತ,” ಎಂದಳು ಗೌರವ್ವ. “ಬ್ಯಾರೆ ಬ್ಯಾರೆ ಕೈಯಾಗ ಹುಟ್ಟಿದ್ದಾದ್ರ ಹಿಂಗ ಕುಂದರತಿತ್ತೇನ್ರಿ? ಎರಡೂ ನಳಿಗಿ ಕೆಳಗ, ಹೊಟ್ಟಿ ಮ್ಯಾಲ, ಒಂದ ನಮೂನಿ ಕಿರೀಟದ ಮುದ್ರಿ, ಒಂದ ಗುರ್ತು. ನಾ ಲಗ್ನಾಗಿ ಬಂದ ವರ್ಷದಿಂದ ನೋಡಾಕತ್ತೇನಿ. ನಿನ್ನಿ ಸಂಜೀಕ ಶೋಭಾ ಫೋಟೋ ತಗದು ಮೊಬೈಲಿನ್ಯಾಗ ಬೆಳಗಾವಿ ಬಂದೂಕದ ಅಂಗಡಿಗೆ ಕಳಿಸಿದ್ಲು. ಬರ್ಮಿಂಗ್‌ಹ್ಯಾಮ್ ಅಂತ ಊರಂತ, ಅಲ್ಲಿ ಒಂದ ಕಾರ್ಖಾನ್ಯಾಗ ಮಾಡಿದ್ದಂತ ಎರಡೂ. ಅಂಗಡಿಯವರು ಬರೇ ತಮ್ಮ ಹೆಸರ ಕೆತ್ತಿಸಿ ಮಾರ್ಯಾರ. ನನ್ನ ಕರದಂಟಿನ ಡಬ್ಬಿ ಇದ್ದಾಂಗ.”

“ಸುಮ್ನಿರ! ಮದ್ಲ ಬಿಚ್ಚು ಇದನ್ನ!”

“ನನ್ನ ಕೈ ಹಿಟ್ಟಾಗೈತ್ರಿ,” ಎಂದು ಅವಳು ಹೋಳಿಗೆಯ ಕಣಕದೊಳಗೆ ಕೈಯಿಟ್ಟಳು.

ಹೊರಗೆ ಬೀಗರ ಗಾಡಿಯ ಸಪ್ಪಳ ಕೇಳಿತು. ಗುರುಲಿಂಗಪ್ಪ ನಳಿಗೆ ಜಗ್ಗಿದ, ಹಿಡಿ ತಿರುವಿದ, ಒಮ್ಮೆ ಮೊಣಕಾಲಿಗೆ ಒತ್ತಿದ. ಇಷ್ಟು ವರ್ಷ ಆ ಬಂದೂಕದ ಪುರಾಣ ಹೇಳಿದವನು ಒಮ್ಮೆಯೂ ಅದನ್ನು ಬಿಚ್ಚಿರಲಿಲ್ಲ.

“ಈಶಾ, ಲಗೂನ ಬಿಚ್ಚೋ!”

ಈಶ್ವರ ಬಾಗಿಲಿಗೆ ಒರಗಿ ನೋಡುತ್ತಿದ್ದ. “ಬಿಚ್ಚತೀನಿ ಅಣ್ಣಾ. ಆದ್ರ ಹೇಳು, ಈಗ ಇದರಾಗ ಕುದರಿ ಯಾವುದು, ಕತ್ತಿ ಯಾವುದು?”

ಅಂಗಳದಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಗುರುಲಿಂಗಪ್ಪ ಒಂದು ಬಂದೂಕವನ್ನು ಮಣೆಯ ಮೇಲಿಟ್ಟ. ಗೋಣಿಯ ಕಡೆ ಬಗ್ಗಿದವನಿಗೆ ಅಲ್ಲಿಗೂ ಅರ್ಧ ಲಂಡನ್ ಹೋಗುತ್ತದೆಂದು ಹೊಳೆಯಿತು. ತಟ್ಟನೆ ನೆಟ್ಟಗಾಗಿ ಎರಡನೆಯದನ್ನೂ ಮಣೆಯ ಮೇಲೆ ಸರಿಸಿ, ಹೆಸರು ಕಾಣದಂತೆ ಎರಡರ ಮೇಲೂ ಸೇವಂತಿಗೆ ಸುರಿದ.

“ಬರ್ರಿ ಬೀಗರ, ಬರ್ರಿ!”

ಗುಡ್ಡಪ್ಪ ಕೈಮುಗಿದು ಮಣೆ ನೋಡಿದರು. “ಲಂಡನ್ ಬಂದೂಕದ ಸುದ್ದಿ ಭಾಳ ಕೇಳೀವ್ರಿ. ಯಾವುದ್ರಿ ಅದು?”

ಗುರುಲಿಂಗಪ್ಪ ತಮ್ಮನ ಕಡೆ ನೋಡಿದ. ಈಶ್ವರ ಬಾಯಿ ತೆರೆದರೆ ಮುಗಿಯಿತು. ಅವನು ಹೂವಿನ ಪಕಳೆ ಎಣಿಸುವವನಂತೆ ತಲೆ ತಗ್ಗಿಸಿ ನಿಂತಿದ್ದ.

“ಅದು, ಇದು ಅಂತ ಇಲ್ರಿ ಬೀಗರ. ಜೋಡಿ ಅವು. ಬ್ಯಾರೆ ಮಾಡಬ್ಯಾಡ್ರಿ ಅಂತ ನಮ್ಮಜ್ಜ ಹೇಳಿ ಹೋಗ್ಯಾನ.”

ಅಜ್ಜ ಹಾಗೆ ಹೇಳಿದ್ದನ್ನು ಯಾರೂ ಕೇಳಿರಲಿಲ್ಲ. “ಹೌದ್ರಿ, ಸಾಯೂ ಮುಂದ ಹೇಳಿದ್ದ,” ಎಂದ ಈಶ್ವರ.

ಊಟಕ್ಕೆ ಗುರುಲಿಂಗಪ್ಪ ಕರೆಯದಿದ್ದರೂ ಈಶ್ವರ ಅಣ್ಣನ ಪಕ್ಕಕ್ಕೇ ಕುಳಿತ. ಎರಡನೇ ಹೋಳಿಗೆಗೆ ಬೀಗರಿಗೆ ಮಾತು ಬಂತು.

“ನಮ್ಮ ಮನ್ಯಾಗೂ ಒಂದ ಐತ್ರಿ. ಪಕ್ಕಾ ಲಂಡನ್. ಹೆಸರು ಬಂಗಾರದಾಗ ಬರದಾರ. ಹುಕ್ಕೇರಿ ತಾಲೂಕಿನ್ಯಾಗ ಅಂಥಾದ್ದ ಇನ್ನೊಂದಿಲ್ಲ.”

ಗುರುಲಿಂಗಪ್ಪನ ತುತ್ತು ನಡುದಾರಿಯಲ್ಲಿ ನಿಂತಿತು. ಕಣ್ಣು ಹೊಳೆದವು. “ಬೀಗರ, ಅದರ ನಳಿಗಿ ಬಿಚ್ಚಿ ಒಂದೀಟ ಕೆಳಗ...”

ಈಶ್ವರ ಅಣ್ಣನ ಮೊಣಕಾಲು ಒತ್ತಿ ಹಿಡಿದ.

“...ಕೆಳಗ ಎಣ್ಣಿ ಹಚ್ಚತೀರೋ ಇಲ್ಲೋ?” ಎಂದು ಗುರುಲಿಂಗಪ್ಪ ಮುಗಿಸಿದ.

“ಬಿಚ್ಚೂದಾ? ಅಂಥಾ ವಸ್ತಾ ಯಾರರೆ ಬಿಚ್ಚತಾರೇನ್ರಿ!”

“ಖರೆ ಮಾತು, ಎಂದೂ ಬಿಚ್ಚಬ್ಯಾಡ್ರಿ,” ಅಣ್ಣತಮ್ಮಂದಿರು ಒಂದೇ ದನಿಯಲ್ಲಿ ಹೇಳಿದರು. ಅಡುಗೆಮನೆಯಲ್ಲಿ ಯಾವುದೋ ಪಾತ್ರೆ ಬಿತ್ತು. ಅದರ ಹಿಂದೆ ಶೋಭಾಳ ನಗೆ. ಈಶ್ವರ ಅತ್ತಿಗೆಯನ್ನು ಜೋರಾಗಿ ಕೂಗಿದ: “ವೈನೀ, ಬೀಗರಿಗೆ ತುಪ್ಪ ಹಾಕ್ರಿ!”